ಸೋಪಿನ ಡಬ್ಬಿಯೊಳಗಿನ ಕೈ

ನಮ್ಮೂರಲ್ಲಿ ಹಳೇ ಕತ್ತರಿ ಕೊಳ್ಳುವವರು ಹರಿತ ನೋಡುವ ಮೊದಲು "ಯಾರ ಕೈ?" ಎಂದು ಕೇಳುತ್ತಾರೆ. ಮಾರುವವರು ನಿಜ ಹೇಳಬೇಕು. ಕ್ಷೌರದ ಅಂಗಡಿಯ ಹನುಮಂತು ಸತ್ತ ವರ್ಷ ಹೊಸಬನೊಬ್ಬ ಅವನ ಕತ್ತರಿಯನ್ನು ಕೇಳದೆ ಕೊಂಡ. ಎಂಟು ತಿಂಗಳು ಊರಿನ ಗಂಡಸರೆಲ್ಲ ಹನುಮಂತು ಕತ್ತರಿಸುತ್ತಿದ್ದ ಹಾಗೆಯೇ ಬಲಕಿವಿಯ ಮೇಲೆ ಕೊಂಚ ಹೆಚ್ಚು ಬೋಳಾಗಿ ತಿರುಗಾಡಿದರು. ಅತ್ತೆಯ ಉಪ್ಪಿನ ಚಮಚ ಹಿಡಿದ ಸೊಸೆಯ ಸಾರು ಅತ್ತೆಯ ಸಾರಿನಷ್ಟೇ ಉಪ್ಪಾಗುತ್ತದೆ. ವರ್ಷಗಟ್ಟಲೆ ಒಬ್ಬರೇ ಬಳಸಿದ ವಸ್ತುವಿನಲ್ಲಿ ಅವರ ಕೈ ಉಳಿಯುತ್ತದೆ. ತಾನಾಗಿ ಅದು ಏನೂ ಮಾಡುವುದಿಲ್ಲ, ಇಟ್ಟಲ್ಲಿ ಸುಮ್ಮನೆ ಬಿದ್ದಿರುತ್ತದೆ. ಬದುಕಿರುವವರ ಬೆರಳು ತಾಗಿದರೆ ಮಾತ್ರ ಆ ಬೆರಳನ್ನು ತನ್ನ ಜೊತೆ ಕರೆದುಕೊಂಡು ಹೋಗುತ್ತದೆ.

ಅದಕ್ಕೇ ಬಸ್ ನಿಲ್ದಾಣದ ಪಕ್ಕದಲ್ಲಿ ಕೈಕಟ್ಟೆ ಇದೆ. ಸೊಂಟದೆತ್ತರದ ಕಲ್ಲಿನ ಕಟ್ಟೆ, ಅದರ ಉದ್ದಕ್ಕೂ ಒಂದು ಸರಪಳಿ. ಯಾರಾದರೂ ತೀರಿಕೊಂಡರೆ ಮನೆಯವರು ಅವರ ಟಾರ್ಚು, ಲಟ್ಟಣಿಗೆ, ರೇಡಿಯೋ, ಸೈಕಲ್ಲಿನ ಬೆಲ್ಲು ಎಲ್ಲ ತಂದು ಸರಪಳಿಗೆ ಕಟ್ಟುತ್ತಾರೆ. ಬಸ್ಸಿಗೆ ಕಾಯುವವರು ಅವನ್ನು ತಿರುಗಿಸುತ್ತಾರೆ, ಒತ್ತುತ್ತಾರೆ, ಬರಿಗಲ್ಲಿನ ಮೇಲೆ ಚಪಾತಿ ಲಟ್ಟಿಸುತ್ತಾರೆ. ಇಪ್ಪತ್ತೊಂದು ದಿನ ನೂರಾರು ಜನರ ಕೈ ತಾಗಿದ ಮೇಲೆ ಸತ್ತವರ ಕೈ ಇಳಿದುಹೋಗುತ್ತದೆ. ಆಮೇಲೆ ಆ ವಸ್ತುವನ್ನು ಮನೆಗೆ ಒಯ್ಯಬಹುದು, ಮಾರಲೂಬಹುದು. ನಮ್ಮೂರ ಬಸ್ಸು ಯಾವತ್ತೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಅದಕ್ಕೆ ಯಾರೂ ದೂರು ಕೊಡದಿರುವುದು ಇದೇ ಕಾರಣಕ್ಕೆ.

ಕಟ್ಟೆಯ ಎದುರಿಗೇ ನನ್ನ ಅಂಗಡಿ. ಮಿಕ್ಸಿ, ರಿಮೋಟು, ರೇಡಿಯೋ ರಿಪೇರಿ. ನಾನು ಏಳನೇ ಕ್ಲಾಸಿನವರೆಗೆ ಓದಿದವಳು. ಈ ಕೆಲಸವನ್ನು ನಮ್ಮ ಯಜಮಾನರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಇಪ್ಪತ್ತು ವರ್ಷ ನೋಡಿ ಕಲಿತೆ. ಅವರು ತೀರಿಕೊಂಡಾಗ ಅವರ ಸ್ಕ್ರೂಡ್ರೈವರುಗಳು, ಬೆಸುಗೆ ಕಡ್ಡಿ, ಮೀಟರು, ಕನ್ನಡಕದ ಡಬ್ಬಿ ಸಹ ಕಟ್ಟೆಗೆ ಹಾಕಿದೆ. ಒಂದನ್ನು ಮಾತ್ರ ಹಾಕಲಿಲ್ಲ. ಅವರದೊಂದು ಬಟನ್ ಮೊಬೈಲು ಇತ್ತು. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅದರಲ್ಲಿ ಹುಳುವಿನ ಆಟ ಆಡುತ್ತಿದ್ದರು. ಹುಳು ಕಾಳು ತಿಂದಷ್ಟೂ ಉದ್ದವಾಗುತ್ತದೆ. ಗೋಡೆಗೋ ತನ್ನ ಬಾಲಕ್ಕೋ ತಾಗಿದರೆ ಆಟ ಮುಗಿಯಿತು. ಮೂಲೆಗೆ ಬಂದಾಗ ಎರಡು ಸಲ ಟಕಟಕ ಒತ್ತಿ, ಆಮೇಲೆ ಉಸಿರು ಹಿಡಿದವರ ಹಾಗೆ ಒಂದು ಗಳಿಗೆ ನಿಲ್ಲುವುದು ಅವರ ಪದ್ಧತಿ. ಆ ಟಕಟಕ ಕೇಳಿಸಿಕೊಂಡೇ ನಾನು ಎಷ್ಟೋ ಮಿಕ್ಸಿ ಬಿಚ್ಚಿದ್ದೇನೆ. ಆ ಮೊಬೈಲನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಕೆಳಗಿನ ಡ್ರಾಯರಿನಲ್ಲಿ ಇಟ್ಟೆ. ಆರು ವರ್ಷ ಹೊರಗೆ ತೆಗೆಯಲಿಲ್ಲ. ಕಟ್ಟೆಗೂ ಹಾಕಲಿಲ್ಲ.

ನೀಲಾವತಿ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿರುವವಳು. ನಲವತ್ತೆರಡು ವರ್ಷ, ಒಂಟಿ ಜೀವ. ಮಸ್ತಾನ್ ಸಾಬರ ಟೈಲರ್ ಅಂಗಡಿಯಲ್ಲಿ ಕಾಜಾ ಹೊಲಿಯುವ ಕೆಲಸ. ಅಂಗಿಯ ಗುಂಡಿ ತೂರಿಸುವ ತೂತಿನ ಸುತ್ತ ಕೈಯಲ್ಲೇ ದಾರ ಹೊಲಿಯುವುದನ್ನು ಕಾಜಾ ಅನ್ನುತ್ತಾರೆ. ಮದುವೆಯ ಶೇರ್ವಾನಿಗೆ ಮೆಷಿನ್ ಕಾಜಾ ಒಪ್ಪದವರು ಹತ್ತಿರದ ಊರುಗಳಿಂದಲೂ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಅವಳ ಹೊಲಿಗೆಗಳು ಜೋಳದ ತೆನೆಯ ಕಾಳಿನ ಹಾಗೆ ಒತ್ತೊತ್ತಾಗಿ ಕೂರುತ್ತಿದ್ದವು. ಮಾತೂ ಅಷ್ಟೇ ಒತ್ತು. ನನ್ನನ್ನು ಚಂಪಕ್ಕ ಎಂದು ಕರೆಯುತ್ತಿದ್ದಳು, ಮನಸ್ಸು ಬಂದಂತೆ ಬೈಯುತ್ತಿದ್ದಳು, ನಾನು ಮಾಡಿದ ಟೀಯನ್ನು ತೊಳೆದ ನೀರು ಅನ್ನುತ್ತ ಎರಡು ಲೋಟ ಕುಡಿಯುತ್ತಿದ್ದಳು.

ಆ ವರ್ಷ ಬೇಸಿಗೆಯ ಕೊನೆಯಲ್ಲಿ ಅವಳಿಗೆ ಲಕ್ವ ಹೊಡೆಯಿತು. ಕಾಲು, ಮಾತು ಒಂದು ತಿಂಗಳಲ್ಲಿ ಮರಳಿದವು. ಬಲಗೈ ಮಾತ್ರ ಮಡಿಲಲ್ಲಿ ಯಾರೋ ಇಟ್ಟುಹೋದ ಸಾಮಾನಿನ ಹಾಗೆ ಬಿದ್ದಿರುತ್ತಿತ್ತು. ಮಸ್ತಾನ್ ಸಾಬರು ಬಂದು, "ನೀಲಮ್ಮ, ಆರು ತಿಂಗಳು ನಿನ್ನ ಜಾಗದಲ್ಲಿ ಯಾರನ್ನೂ ಕೂರಿಸಲ್ಲ. ಅಷ್ಟರಲ್ಲಿ ಬಂದುಬಿಡಬೇಕು" ಎಂದರು.

"ನಾನು ಬರದಿದ್ದರೆ ಎಲ್ಲಿಗೆ ಹೋಗ್ಲಿ ಸಾಬ್ರೆ" ಅಂದಳು. "ಸೂಜಿ ವಾರಕ್ಕೊಂದು ಮುರಿದು ಬಿಸಾಕಿದೆ. ಒಂದೇ ಸೂಜಿ ಇಪ್ಪತ್ತು ವರ್ಷ ಇಟ್ಟುಕೊಂಡಿದ್ದರೆ ಈಗ ನನ್ನ ಕೈಯೇ ನನ್ನ ಕೈ ಹಿಡೀತಿತ್ತು."

ಬುಧವಾರ ಬುಧವಾರ ನಾನೇ ಅವಳನ್ನು ಬಸ್ಸಿನಲ್ಲಿ ದೊಡ್ಡೂರಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ. ಅಲ್ಲಿ ಕೈಗೆ ಕರೆಂಟು ಕೊಡುತ್ತಿದ್ದರು, ಬೆರಳು ಬಗ್ಗಿಸುತ್ತಿದ್ದರು. ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮನಿಗೆ ನಮ್ಮೂರಿನ ಸಂಗತಿ ಗೊತ್ತಿತ್ತು. "ಆರು ತಿಂಗಳಲ್ಲಿ ಬಂದಷ್ಟು ಬಂತು, ಆಮೇಲೆ ಬರೋದು ಕಷ್ಟ. ದಿನಕ್ಕೆ ನೂರಾರು ಸಲ ಹೆಬ್ಬೆರಳು ತಾನಾಗಿ ಒತ್ತಬೇಕು. ನಿಮ್ಮೂರಿನ ಹಳೇ ಸಾಮಾನು ಮಾತ್ರ ಮುಟ್ಟಿಸಬೇಡಿ. ಬೇರೆಯವರ ಕೈ ಒತ್ತಿದರೆ ಅದು ವ್ಯಾಯಾಮ ಅಲ್ಲ, ಸವಾರಿ" ಎಂದು ಸ್ಪಷ್ಟವಾಗಿ ಹೇಳಿದ್ದರು. ನಾನು ಪಕ್ಕದಲ್ಲೇ ಇದ್ದೆ. ತಲೆಯಾಡಿಸಿದೆ ಕೂಡ.

ಅವರು ಕೊಟ್ಟ ರಬ್ಬರ್ ಚೆಂಡನ್ನು ನೀಲಾ ಮೂರು ದಿನ ಹಿಡಿದಳು. ನಾಲ್ಕನೇ ದಿನ ಅದು ಮಂಚದ ಕೆಳಗಿತ್ತು. "ಅದು ಹಿಸುಕಿದರೂ ಚೆಂಡೇ, ಬಿಟ್ಟರೂ ಚೆಂಡೇ. ನನಗೇನು ಸಿಗುತ್ತೆ?" ಅಂದಳು. ಮಾತು ನಿಜ. ಕಾಜಾ ಹೊಲಿಯುವವಳಿಗೆ ಒಂದು ಮುಗಿಯಿತು, ಇನ್ನೊಂದು ಶುರು ಎನ್ನುವ ಲೆಕ್ಕ ಬೇಕು. ಆಗ ನನಗೆ ಆಟದ ಡಬ್ಬಿ ಹೊಳೆಯಿತು. ಕೈಯಲ್ಲಿ ಹಿಡಿದು ಬಟನ್ ಒತ್ತಿ ಆಡುವ ವಿಡಿಯೋ ಗೇಮು. ಹೊಸದು ಅವಳಿಗೂ ನನಗೂ ಕೈಗೆಟುಕುವಂಥದ್ದಲ್ಲ. ಟಚ್ ಫೋನಿನ ಆಟದಲ್ಲಿ ಒತ್ತುವ ಕೆಲಸವೇ ಇಲ್ಲ, ಸವರಿದರೆ ಸಾಕು. ಹಾಗಾಗಿ ನಾನೇ ಮಾಡುವುದು ಎಂದಾಯಿತು.

ಹೊಸದಾಗಿ ತರಿಸಿದ್ದು ಒಂದೇ. ಬೆಂಕಿಪೊಟ್ಟಣದಷ್ಟು ಅಗಲದ ಬೋರ್ಡು, ಅದಕ್ಕಂಟಿದ ಪುಟ್ಟ ಪರದೆ. ಅದರೊಳಗೆ ಮೂರು ಆಟ ತುಂಬಿಸಿಯೇ ಕಳಿಸುತ್ತಾರೆ, ಒಂದು ಹುಳುವಿನ ಆಟ. ಮಿಕ್ಕಿದ್ದೆಲ್ಲ ಅಂಗಡಿಯ ಕಸದ ಡಬ್ಬದಿಂದ. ಬ್ಯಾಟರಿ ಪರದೆ ಒಡೆದ ಮೊಬೈಲಿನದು, ಸದ್ದಿನ ಬಿಲ್ಲೆ ಹಾಡು ಹೇಳುವ ಶುಭಾಶಯ ಪತ್ರದ್ದು, ಸ್ವಿಚ್ಚು ಟಾರ್ಚಿನದು. ಹೊರಗಿನ ಕವಚಕ್ಕೆ ಪ್ರಯಾಣದಲ್ಲಿ ಒಯ್ಯುವ ಹಸಿರು ಸೋಪಿನ ಡಬ್ಬಿ. ಕಾಯಿಸಿದ ಮೊಳೆಯಿಂದ ತೂತು ಮಾಡಿ, ಪರದೆ ಕೂರಲು ಕಿಟಕಿ ಕತ್ತರಿಸಿ, ಅಂಚನ್ನು ಉಪ್ಪುಕಾಗದದಿಂದ ಉಜ್ಜಿದೆ. ಎಡಗೈಯಲ್ಲಿ ಡಬ್ಬಿ ಹಿಡಿದು, ಬಲ ಹೆಬ್ಬೆರಳನ್ನು ಬಟನ್ನಿನ ಮೇಲೆ ಇಟ್ಟರೆ ಸರಿಯಾಗಿ ಕೂರುವ ಹಾಗೆ ಮಾಡಿದೆ. ಬಟನ್ನಿಗೆ ಕಟ್ಟೆಯಿಂದ ಇಳಿದುಬಂದ ಒಂದು ಟಿ.ವಿ. ರಿಮೋಟಿನದು ಹಾಕಿದೆ. ಅದರಲ್ಲಿ ಯಾರ ಕೈಯೂ ಇರಲಿಲ್ಲ. ನ್ಯಾಯವಾದ ಬಟನ್ನು.

ಆದರೆ ಗಟ್ಟಿ. ನೀಲಾ ಒತ್ತಿದಳು, ಹೆಬ್ಬೆರಳು ನಡುಗಿತು, ಬಟನ್ನು ಇಳಿಯಲಿಲ್ಲ. ಹುಳು ನೇರ ಹೋಗಿ ಗೋಡೆಗೆ ಬಡಿಯಿತು. ಪರದೆಯ ಮೇಲೆ ಸೊನ್ನೆ. ಐದು ದಿನ ಅದೇ ಸೊನ್ನೆ. ಆರನೇ ದಿನ ಡಬ್ಬಿಯನ್ನು ನನ್ನ ಕಡೆ ತಳ್ಳಿ, "ತಗೊಂಡು ಹೋಗು. ಚೆಂಡು ಸುಮ್ಮನಾದರೂ ಇರುತ್ತೆ. ಇದು ಅಣಕಿಸುತ್ತೆ" ಅಂದಳು. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಟೀ ಕೊಟ್ಟರೂ ಏಳಲಿಲ್ಲ, ಬೈಯಲೂ ಇಲ್ಲ.

ನನ್ನ ಹತ್ತಿರ ಇದ್ದ ಎಲ್ಲಕ್ಕಿಂತ ಮೆತ್ತನೆಯ ಬಟನ್ನು ಯಾವುದೆಂದು ನನಗೆ ಗೊತ್ತಿತ್ತು. ಹನ್ನೊಂದು ವರ್ಷ ಒತ್ತಿ ಒತ್ತಿ ಬೆಣ್ಣೆಯಾದದ್ದು. ಡ್ರಾಯರು ಎಳೆದೆ, ಸೀರೆಯ ತುಂಡು ಬಿಚ್ಚಿದೆ. ಆರು ವರ್ಷವಾಗಿದೆ, ಇಳಿದುಹೋಗಿರುತ್ತೆ ಅಂದುಕೊಂಡೆ. ಬರೀ ಕಾಲ ಕಳೆದರೆ ಕೈ ಇಳಿಯುವುದಿಲ್ಲ, ಜನರ ಕೈ ತಾಗಬೇಕು ಎನ್ನುವುದು ನಮ್ಮೂರಿನ ಹಾಲುಗಲ್ಲದ ಕೂಸಿಗೂ ಗೊತ್ತು. ಕಟ್ಟೆಗೆ ಹಾಕಿ ಇಪ್ಪತ್ತೊಂದು ದಿನ ಕಾಯಬಹುದಿತ್ತು. ನೀಲಾಳ ಆರು ತಿಂಗಳಲ್ಲಿ ಎರಡು ಆಗಲೇ ಕಳೆದಿವೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಮೊಬೈಲಿನ ಬಟನ್ನುಗಳಿರುವ ಭಾಗವನ್ನು ಸಣ್ಣ ಗರಗಸದಿಂದ ಕೊಯ್ದು, ಕೂದಲೆಳೆಯಂಥ ತಂತಿಗಳನ್ನು ಬೆಸೆದು ಸೋಪಿನ ಡಬ್ಬಿಯಲ್ಲಿ ಕೂರಿಸಿದೆ. ಬಟನ್ನಿಗೆ ನನ್ನ ಬೆರಳು ತಾಗದ ಹಾಗೆ ಚಿಮಟದಲ್ಲೇ ಹಿಡಿದು ಕೆಲಸ ಮುಗಿಸಿದೆ. ಹಾಗೆ ಹಿಡಿದೆ ಅಂದರೇನೇ ನನಗೆ ಗೊತ್ತಿತ್ತು ಅಂತ ಅರ್ಥ.

ನೀಲಾ ಡಬ್ಬಿಯನ್ನು ತಿರುಗಿಸಿ ನೋಡಿ, ನಮ್ಮೂರಿನವರೆಲ್ಲ ಕೇಳುವುದನ್ನೇ ಕೇಳಿದಳು. "ಬಟನ್ನು ಬದಲಿಸಿದ್ದೀಯ. ಯಾರ ಕೈ?"

"ಕಟ್ಟೆಯಿಂದ ಇಳಿದದ್ದೇ" ಅಂದೆ.

ಹೆಬ್ಬೆರಳನ್ನು ಎಡಗೈಯಿಂದ ಎತ್ತಿ ಬಟನ್ನಿನ ಮೇಲೆ ಇಟ್ಟಳು. ಬಟನ್ನು ಇಳಿಯಿತು. ಬೆರಳೂ ಇಳಿಯಿತು. ಹುಳು ತಿರುಗಿತು. ಕಾಳು ತಿಂದಾಗ ಟುಂಯ್ ಎಂದು ಸದ್ದಾಯಿತು. ಅವಳ ಬಾಯಿ ತೆರೆದೇ ಇತ್ತು. ಹುಳು ಮೂಲೆಗೆ ಬಂತು. ಟಕಟಕ, ಆಮೇಲೆ ಒಂದು ಗಳಿಗೆ ನಿಂತಿತು. ನನ್ನ ಕೈಯಲ್ಲಿದ್ದ ಟೀ ಲೋಟ ವಾಲಿ ಸೀರೆ ಒದ್ದೆಯಾಯಿತು.

"ಚಂಪಕ್ಕ, ಬಂತು ಕಣೇ" ಅಂದಳು ನೀಲಾ. "ಬೆರಳು ಬಂತು."

ಆಗ ಹೇಳಬೇಕಿತ್ತು. ನಾಳೆ ಹೇಳಿದರಾಯಿತು, ಇವತ್ತೊಂದು ದಿನ ಸಂತೋಷವಾಗಿರಲಿ ಅಂದುಕೊಂಡೆ. ಮರುದಿನ ಹೋದಾಗ ಅವಳು ತಲೆ ಬಾಚಿಕೊಂಡು, ಹೂ ಮುಡಿದು, ಟೀಗೆ ತಾನೇ ನೀರಿಟ್ಟು ಕಾಯುತ್ತಿದ್ದಳು. ಹನ್ನೆರಡು ಕಾಳು ತಿನ್ನಿಸಿದ್ದಳಂತೆ. ಮತ್ತೆ ನಾಳೆ ಎಂದುಕೊಂಡೆ.

ಅಲ್ಲಿಂದ ದಿನಾ ನಾಲ್ಕು ಗಂಟೆಗೆ ಅಂಗಡಿಯ ಬಾಗಿಲು ಅರ್ಧ ಎಳೆದು ಅವಳ ಕೋಣೆಗೆ ಹೋಗುವುದು ಅಭ್ಯಾಸವಾಯಿತು. ಒಂಟಿ ಹೆಂಗಸಿಗೆ ಆಸರೆಯಾಗಿದ್ದಾಳೆ ಚಂಪಮ್ಮ ಎಂದು ಓಣಿಯವರು ಹೊಗಳಿದರು. ಮಸ್ತಾನ್ ಸಾಬರು ಬಂದಾಗಲೆಲ್ಲ ನನಗೂ ಸೇರಿಸಿ ಬಿಸ್ಕತ್ತು ತರುತ್ತಿದ್ದರು. ನಾನು ಹೋಗುತ್ತಿದ್ದದ್ದು ನೋಡಲಿಕ್ಕೆ. ನೀಲಾಳ ತೆಳ್ಳಗಿನ ಹೆಬ್ಬೆರಳಿನ ಕೆಳಗೆ ಅವರು ಆಡುತ್ತಿದ್ದರು. ಅವಸರದ ಎಡತಿರುವು, ಬಾಲದ ಪಕ್ಕದಲ್ಲೇ ಉಜ್ಜಿಕೊಂಡಂತೆ ಹೋಗುವ ಹುಡುಗಾಟ, ಮೂಲೆಯ ಆ ನಿಲುಗಡೆ. ನೀಲಾ ಏನೋ ಹೇಳುತ್ತಿರುತ್ತಿದ್ದಳು, ನಾನು ಹೂಂ ಅನ್ನುತ್ತಿದ್ದೆ. ಆರು ವರ್ಷದಿಂದ ಸದ್ದಿಲ್ಲದ ಮಧ್ಯಾಹ್ನಗಳಿಗೆ ಮತ್ತೆ ಸದ್ದು ಬಂದಿತ್ತು.

ಒಂದು ದಿನ ಬಾಯಿ ತೆರೆದದ್ದುಂಟು. "ನೀಲಾ, ಆ ಬಟನ್ನು..."

"ಏನದಕ್ಕೆ?"

"ಸ್ವಲ್ಪ ಸಡಿಲ ಇದೆಯೇನೋ. ಬೇರೆ ಹಾಕ್ಲಾ?"

"ಮುಟ್ಟಿದರೆ ನೋಡು. ಚೆನ್ನಾಗಿರೋದನ್ನ ಬಿಚ್ಚಿ ನೋಡೋದು ಈ ರಿಪೇರಿಯವರ ರೋಗ."

ಬೈಸಿಕೊಂಡೆ, ನಕ್ಕೆ. ಅವಳು ಬೇಡ ಅಂದದ್ದು ನನಗೆ ಹಿತವಾಗಿತ್ತು.

ನಾಲ್ಕನೇ ತಿಂಗಳಲ್ಲಿ ಅವಳು ಆಸ್ಪತ್ರೆ ಬಿಟ್ಟಳು. ಬುಧವಾರ ನಾನು ಚೀಲ ಹಿಡಿದು ಬಂದರೆ, "ಬೆರಳು ನಡೀತಿದೆಯಲ್ಲ, ಇನ್ನು ಆ ಬಸ್ಸಿನಲ್ಲಿ ಯಾಕೆ ಸೊಂಟ ಮುರ್ಕೊಳ್ಳೋದು? ಅಲ್ಲಿ ಹೋದರೆ ಆಯಮ್ಮ ಬೆರಳು ಹಿಡಿದು, ಇನ್ನೂ ಇಲ್ಲ ಇನ್ನೂ ಇಲ್ಲ ಅಂತ ರಾಗ ಎಳೀತಾಳೆ. ಮನೆಯಲ್ಲಿ ಎಪ್ಪತ್ತು ಕಾಳು ತಿನ್ನಿಸ್ತೀನಿ. ಯಾರನ್ನ ನಂಬಲಿ?" ಅಂದಳು. ನಾನು ಚೀಲ ಕೆಳಗಿಟ್ಟೆ. ಎಲ್ಲ ಬುಧವಾರಗಳಲ್ಲಿ ಆ ಬುಧವಾರವನ್ನು ನಾನು ಹೆಚ್ಚು ನೆನೆಯುತ್ತೇನೆ. ಅವತ್ತು ಬಸ್ಸೂ ಹೊತ್ತಿಗೆ ಸರಿಯಾಗಿ ಬಂದಿತ್ತು. ಎದುರಿಗೇ ನಿಂತಿತ್ತು.

ಸೂಜಿ ಮಾತ್ರ ಅವಳು ಮುಟ್ಟಿರಲಿಲ್ಲ. ಅರ್ಧ ಕೈಯಲ್ಲಿ ಸೂಜಿ ಹಿಡಿದರೆ ಕೈಗೆ ಕೆಟ್ಟ ಚಾಳಿ ಬರುತ್ತದೆ ಎಂದು ಅವಳ ನಂಬಿಕೆ. ನೂರು ಕಾಳು ಆದ ದಿನ ಸೂಜಿಪೆಟ್ಟಿಗೆ ತೆಗೆಯುತ್ತೇನೆ ಎಂದು ಪೆಟ್ಟಿಗೆಯನ್ನು ದೇವರ ಪಟದ ಹಿಂದೆ ಇಟ್ಟಿದ್ದಳು. ನಮ್ಮ ಯಜಮಾನರು ಬದುಕಿದ್ದಾಗ ತೊಂಬತ್ತಾರರ ಆಚೆ ಹೋದವರಲ್ಲ. ಹಾಗಾಗಿ ನೂರು ಆಗುವುದಿಲ್ಲ, ಆ ದಿನ ಬರುವುದಿಲ್ಲ ಎಂದು ನಾನು ಒಳಗೊಳಗೇ ಧೈರ್ಯವಾಗಿದ್ದೆ. ಅವರಿಗೆ ಆಗ ಗಿರಾಕಿಗಳ ಕಾಟವಿತ್ತು, ಈಗ ಇಲ್ಲ ಎನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಆರನೇ ತಿಂಗಳ ಮೂರನೇ ವಾರ ನೂರಾಯಿತು. ನೂರಾ ನಾಲ್ಕು. ನೀಲಾ ಡಬ್ಬಿಯನ್ನು ಸೆರಗಿನಲ್ಲಿ ಒರೆಸಿ ಪಕ್ಕಕ್ಕಿಟ್ಟು, ನನ್ನನ್ನು ಮಸ್ತಾನ್ ಸಾಬರ ಬಳಿಗೆ ಅಟ್ಟಿದಳು. ಸಾಬರು ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಬಂದರು, ಕೈಯಲ್ಲಿ ಬಿಳಿ ಶೇರ್ವಾನಿಯ ಎದೆಯ ಭಾಗ. "ಮೊದಲ ಕಾಜಾ ಮದುವೆ ಗಂಡಿನದೇ ಆಗಲಿ, ಬೇಟಿ" ಎಂದರು. ನಾನು ಸೂಜಿಗೆ ದಾರ ಪೋಣಿಸಿ ಕೊಟ್ಟೆ. ದಾರ ಎರಡು ಸಲ ತೂತು ತಪ್ಪಿದ್ದು ನೋಡಿ ಸಾಬರು, "ಹೊಲಿಯೋದು ನೀವೇನು ಚಂಪಮ್ಮ?" ಎಂದು ತಮಾಷೆ ಮಾಡಿದರು.

ಸೂಜಿ ಅವಳ ಬೆರಳುಗಳ ನಡುವಿನಿಂದ ಜಾರಿ ಬಟ್ಟೆಯ ಮೇಲೆ ಬಿತ್ತು. ಎಡಗೈಯಿಂದ ಎತ್ತಿ ಮತ್ತೆ ಇಟ್ಟುಕೊಂಡಳು. ಮತ್ತೆ ಬಿತ್ತು. ಮೂರನೇ ಸಲ ನೆಲಕ್ಕೆ ಬಿತ್ತು. ಸಾಬರು ಬಗ್ಗಿ ಹುಡುಕಿದರು. ನೀಲಾ ತನ್ನ ಹೆಬ್ಬೆರಳನ್ನು ನೋಡಿದಳು. ಡಬ್ಬಿ ತೆಗೆದುಕೊಂಡು ಬೆರಳಿಟ್ಟಳು, ಹುಳು ಚುರುಕಾಗಿ ಓಡಿತು. ಡಬ್ಬಿ ಇಟ್ಟು ಬರೀ ಬೆರಳನ್ನು ಆಡಿಸಲು ನೋಡಿದಳು. ಅದು ಮೊದಲ ತಿಂಗಳು ಇದ್ದ ಹಾಗೆಯೇ ಇತ್ತು. ಆಮೇಲೆ ನನ್ನನ್ನು ನೋಡಿದಳು.

"ಯಾರ ಕೈ?" ಅಂದಳು.

"ನಮ್ಮ ಯಜಮಾನರದ್ದು."

ಸಾಬರು ಎದ್ದು ನಿಂತರು, ಸೂಜಿ ಸಿಕ್ಕಿತ್ತು. ಯಾರಿಗೆ ಕೊಡಬೇಕೆಂದು ತಿಳಿಯದೆ ತಮ್ಮ ಕಾಲರಿಗೇ ಚುಚ್ಚಿಕೊಂಡರು.

"ಎಷ್ಟು ದಿನದಿಂದ ಗೊತ್ತು ನಿಮಗೆ?" ಎಂದು ಕೇಳಿದಳು. ಇಷ್ಟು ವರ್ಷಗಳಲ್ಲಿ ನನ್ನನ್ನು ಅವಳು ನೀವು ಎಂದದ್ದು ಅದೇ ಮೊದಲು.

"ಮೊದಲ ದಿನದಿಂದ. ನಿನಗೆ ಖುಷಿಯಾಗಿತ್ತು. ಆಮೇಲೆ... ನನಗೂ ನೋಡಬೇಕು ಅನ್ನಿಸ್ತಿತ್ತು."

ಅವಳು ಬಿದ್ದಿದ್ದ ದಾರವನ್ನು ಎಡಗೈಯಿಂದ ಉಂಡೆಕಟ್ಟುತ್ತ ಕೂತಳು. "ನಿಮಗೆ ನೋಡಬೇಕಿದ್ದರೆ ಹೇಳಬಹುದಿತ್ತು" ಅಂದಳು ಕೊನೆಗೆ. "ದಿನಾ ಒಂದು ಗಂಟೆ ನನ್ನ ಬೆರಳು ಕೊಡ್ತಿದ್ದೆ. ಮಿಕ್ಕ ಹೊತ್ತು ನನ್ನದು ನಾನು ಮಾಡ್ಕೋತಿದ್ದೆ."

ಕೇಳಿದ್ದರೆ ಕೊಡುತ್ತಿದ್ದಳು. ಅವಳು ಅಂಥವಳೇ. ನನಗೆ ಅದು ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಅವಳೇ ಡಬ್ಬಿ ಹಿಡಿದು ಕಟ್ಟೆಗೆ ಬಂದಳು. ಒಂದು ಕೈಯಲ್ಲಿ ಸರಪಳಿಗೆ ಕಟ್ಟಲು ಬಹಳ ಹೊತ್ತು ಹಿಡಿಯಿತು. ನಾನು ಅಂಗಡಿಯ ಹೊಸ್ತಿಲ ತನಕ ಬಂದೆ. ಅವಳು ತಲೆಯೆತ್ತಿ ನೋಡಿದಳು, ನಾನು ಅಲ್ಲೇ ನಿಂತೆ. ಹಲ್ಲಿನಿಂದ ಗಂಟು ಬಿಗಿದು ಹೋದಳು.

ಕಟ್ಟೆಗೆ ಆಟದ ಡಬ್ಬಿ ಬಂದದ್ದು ಅದೇ ಮೊದಲು. ಬಸ್ಸು ಬಂದರೂ ಜನ ಹತ್ತಲಿಲ್ಲ. ಸೊಪ್ಪು ಮಾರುವವರು, ಮೇಷ್ಟ್ರುಗಳು, ಹೊಸದಾಗಿ ಮದುವೆಯಾದವರು, ಎಲ್ಲರೂ ಸಾಲಾಗಿ ನಿಂತು ಒತ್ತಿದರು. "ರಿಪೇರಿ ಉಮಾಪತಿಯವರ ಕೈ, ಮೂಲೆಯಲ್ಲಿ ಹ್ಯಾಗೆ ತಿರುಗಿಸ್ತಾರೆ ನೋಡು" ಎಂದು ಒಬ್ಬರು ಇನ್ನೊಬ್ಬರಿಗೆ ತೋರಿಸಿದರು. ಊರಿನವರೆಲ್ಲ ನಮ್ಮ ಯಜಮಾನರ ಜೊತೆ ಒಂದೊಂದು ಆಟ ಆಡಿದರು. ನಾನು ಎದುರು ಕೂತು ಮಿಕ್ಸಿ ಬಿಚ್ಚುತ್ತ ಕೇಳಿದೆ. ಮೊದಲ ವಾರ ಟಕಟಕ ಸ್ಪಷ್ಟವಾಗಿತ್ತು. ಎರಡನೇ ವಾರ ಒಂದು ಟಕ್ ಮಾತ್ರ ಉಳಿಯಿತು. ಇಪ್ಪತ್ತನೇ ದಿನ ಕಟ್ಟೆಯ ಬಳಿ ಯಾರೂ ಇಲ್ಲದಾಗ ರಸ್ತೆ ದಾಟಿ ಹೋಗಿ ಹೆಬ್ಬೆರಳಿಟ್ಟೆ. ಅದು ನಾನು ಒತ್ತಿದಾಗ ಇಳಿಯಿತು, ಬಿಟ್ಟಾಗ ಏರಿತು.

ಇಪ್ಪತ್ತೆರಡನೇ ದಿನ ನೀಲಾ ಡಬ್ಬಿ ಬಿಚ್ಚಿಕೊಂಡು ನನ್ನ ಅಂಗಡಿಗೆ ಬಂದಳು. ನಡುವೆ ಮಾತಿರಲಿಲ್ಲ, ಬರುತ್ತಾಳೆಂದು ನಾನು ಎಣಿಸಿರಲಿಲ್ಲ. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು, "ಈಗ ಯಾರ ಕೈ?" ಎಂದು ಕೇಳಿದಳು.

"ಯಾರದೂ ಇಲ್ಲ."

"ನಿಜವಾ?"

"ನಿಜ. ನಾನೇ ನೋಡಿದೆ."

ಬೆರಳನ್ನು ಎತ್ತಿ ಬಟನ್ನಿನ ಮೇಲಿಟ್ಟಳು. ಕತ್ತಿನ ನರಗಳು ಉಬ್ಬಿದವು. ಬಟನ್ನು ಇಳಿಯಲಿಲ್ಲ. ಹುಳು ನೇರ ಹೋಗಿ ಗೋಡೆಗೆ ಬಡಿಯಿತು. ಮತ್ತೆ ಇಟ್ಟಳು, ಮತ್ತೆ ಬಡಿಯಿತು. ಪರದೆಯ ಸೊನ್ನೆಯನ್ನು ಬಹಳ ಹೊತ್ತು ನೋಡಿದಳು. "ಈ ಸೊನ್ನೆ ನಂದೇ ತಾನೆ?" ಅಂದಳು.

"ನಿಂದೇ" ಅಂದೆ.

ಆರು ತಿಂಗಳು ಮುಗಿದಿದ್ದವು. ಮಸ್ತಾನ್ ಸಾಬರು ಇನ್ನೊಂದು ತಿಂಗಳು ಕಾದು, ಬಹಳ ಸಂಕಟಪಟ್ಟು, ಅವಳ ಜಾಗದಲ್ಲಿ ಬೇರೆಯವಳನ್ನು ಕೂರಿಸಿದರು. ನೀಲಾಳಿಗೆ ಹೊಲಿದ ಬಟ್ಟೆಯ ಎಳೆ ಕತ್ತರಿಸುವ ಕೆಲಸ ಕೊಟ್ಟಿದ್ದಾರೆ, ಎಡಗೈಯಲ್ಲಿ ಮಾಡುತ್ತಾಳೆ. ಆ ಹೊಸಬಳ ಕಾಜಾ ನೋಡಿ ಏನೂ ಅನ್ನುವುದಿಲ್ಲವಂತೆ. ಬುಧವಾರದ ಬಸ್ಸು ಮತ್ತೆ ಹಿಡಿದಿದ್ದಾಳೆ, ಒಬ್ಬಳೇ ಹೋಗುತ್ತಾಳೆ. ಡಾಕ್ಟರಮ್ಮ ಆಗುತ್ತೆ ಅಂತಲೂ ಹೇಳಿಲ್ಲ, ಆಗಲ್ಲ ಅಂತಲೂ ಹೇಳಿಲ್ಲ.

ನಾಲ್ಕು ಗಂಟೆಗೆ ನನ್ನ ಅಂಗಡಿಗೆ ಬರುತ್ತಾಳೆ. ಕೋಣೆಯಲ್ಲಿ ಕೂತರೆ ಬೇಜಾರು ಅನ್ನುತ್ತಾಳೆ. ನನ್ನ ಟೀ ಕುಡಿಯುತ್ತಾಳೆ, ತೊಳೆದ ನೀರು ಎಂದು ಈಗ ಅನ್ನುವುದಿಲ್ಲ. ಲೋಟ ಕೆಳಗಿಟ್ಟು, ನನಗೆ ಬೆನ್ನು ಹಾಕಿ, ರಸ್ತೆಯ ಕಡೆ ತಿರುಗಿ ಕೂತು ಆಡುತ್ತಾಳೆ. ಹುಳು ಗೋಡೆಗೆ ಬಡಿದ ಸದ್ದು ಕೇಳುತ್ತಿರುತ್ತದೆ, ಒಂದರ ಹಿಂದೆ ಒಂದು. ನಾನು ನನ್ನ ಕೆಲಸ ನೋಡಿಕೊಳ್ಳುತ್ತೇನೆ.

ಹೋದ ಶನಿವಾರ ಟುಂಯ್ ಎಂದು ಒಂದು ಸದ್ದಾಯಿತು. ಕಾಳು ತಿಂದ ಸದ್ದು. ನನ್ನ ಕೈಯ ಸ್ಕ್ರೂಡ್ರೈವರು ನಿಂತಿತು, ತಲೆಯೆತ್ತಿದೆ. ಹುಳು ಹೋಗುವ ದಾರಿಯಲ್ಲೇ ಕಾಳು ಬಿದ್ದಿತ್ತೋ, ಅವಳೇ ತಿರುಗಿಸಿದಳೋ ನನಗೆ ತಿಳಿಯಲಿಲ್ಲ. ಅವಳ ಬೆನ್ನು ಕಾಣುತ್ತಿತ್ತು, ಬಲ ಹೆಗಲು ಸ್ವಲ್ಪ ಮುಂದಕ್ಕೆ ಬಾಗಿತ್ತು. ಒಂದು ಗಳಿಗೆ ಕಾದೆ. ಅವಳು ತಿರುಗಲಿಲ್ಲ, ಕರೆಯಲಿಲ್ಲ. ನಾನು ಎದ್ದು ಹೋಗಿ ನೋಡಲಿಲ್ಲ.